ಹದಿಮೂರು ಖಾಲಿ ಚೌಕಟ್ಟು

ಫೆಬ್ರವರಿ 11, 2024, ಭಾನುವಾರ
ಸೇಂಟ್ ಪೀಟರ್ಸ್‌ಬರ್ಗ್

ಇವತ್ತು ಮತ್ತೆ ಹರ್ಮಿಟೇಜ್ ಮ್ಯೂಸಿಯಂಗೆ ಹೋಗಿದ್ದೆ. ನೇರ ಜನರಲ್‌ಗಳ ಚಿತ್ರಗಳಿರುವ ಹಜಾರಕ್ಕೆ.

1812ರಲ್ಲಿ ನೆಪೋಲಿಯನ್ ವಿರುದ್ಧ ಶುರುವಾದ ಯುದ್ಧದಲ್ಲಿ ರಷ್ಯಾದ ಸೇನೆ ನಡೆಸಿದವರು. 332 ಚಿತ್ರ, ಒಂದರ ಮೇಲೊಂದು ಐದು ಸಾಲು. ಬರೆಸಿದವನು ಮೊದಲನೇ ಅಲೆಕ್ಸಾಂಡರ್ ದೊರೆ. 1826ರ ಡಿಸೆಂಬರಿನಲ್ಲಿ ಹಜಾರ ತೆರೆಯುವ ಹೊತ್ತಿಗೆ ಅವನೇ ಇರಲಿಲ್ಲ. ಚಿತ್ರಗಾರ ಇಂಗ್ಲೆಂಡಿನ ಜಾರ್ಜ್ ಡಾವ್. ಇಷ್ಟನ್ನು ಒಬ್ಬನ ಕೈ ಮಾಡೀತೇ? ಪೋಲ್ಯಾಕೊವ್, ಗೋಲಿಕೆ ಅಂತ ಇಬ್ಬರು ಜೊತೆಗಿದ್ದರು. ಪೋಲ್ಯಾಕೊವ್ ಜೀತದಾಳು. ಅವನ ಒಡೆಯ ಕೊರ್ನಿಲೊವ್ ಕೂಡ ಜನರಲ್, ಅವನ ಚಿತ್ರವೂ ಇದೇ ಗೋಡೆಯಲ್ಲಿದೆ. ಪೋಲ್ಯಾಕೊವ್‌ಗೆ ಬಿಡುಗಡೆ ಸಿಕ್ಕಿದ್ದು 1833ರಲ್ಲಿ. 1835ಕ್ಕೆ ತೀರಿಕೊಂಡ. ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

ಆದರೆ ಇವತ್ತು ಕಾಡುತ್ತಿರುವುದು ಆ ಹದಿಮೂರು ಚೌಕಟ್ಟು. ಚಿತ್ರ ಬರೆಯುವ ಹೊತ್ತಿಗೆ ಎಷ್ಟೋ ಜನರಲ್‌ಗಳು ಸತ್ತಿದ್ದರು. ಮನೆಯವರ ಹತ್ತಿರ ಹಳೇ ಚಿತ್ರ ಇದ್ದರೆ ಅದನ್ನು ನೋಡಿ ಬರೆದರು. ಏನೂ ಸಿಗದ ಹದಿಮೂರು ಜನಕ್ಕೆ ಚೌಕಟ್ಟಿನೊಳಗೆ ಹಸಿರು ಬಟ್ಟೆ, ಕೆಳಗೆ ಹೆಸರು. ಅಷ್ಟೇ.

ಸಂಜೆ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಅದರ ಫೋಟೋ ತೋರಿಸಿದೆ.

"ಮುಖಾನೇ ಇಲ್ವಲ್ಲೇ. ಬರೀ ಹೆಸರು ಯಾಕೆ ನೇತುಹಾಕಿದಾರೆ?"

"ಅವರ ಜಾಗ ಅವರಿಗೇ ಇರ್ಲಿ ಅಂತ ಅಮ್ಮಾ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮಮ್ಮಂದೂ ಒಂದು ಫೋಟೋ ಇಲ್ಲ ಕಣೇ. ತಿಥಿ ದಿನ ಅಪ್ಪನ ಫೋಟೋ ಪಕ್ಕ ಹೂ ಸುತ್ತಿ ಒಂದು ಚೊಂಬು ಇಡ್ತೀವಲ್ಲ, ಅದು ಅವಳಿಗೇ."

ಚಿಕ್ಕಂದಿನಿಂದ ಆ ಚೊಂಬು ನೋಡಿದ್ದೇನೆ. ನೀರು ತುಂಬಿ ಕೊಟ್ಟಿದ್ದೇನೆ. ಯಾಕೆ ಅಂತ ಒಂದು ಸಲವೂ ಕೇಳಿರಲಿಲ್ಲ.

"ಅಜ್ಜಿ ಹೇಗಿದ್ರು ಅಮ್ಮಾ?"

"ಹಣೆ ನಿಂದೇ. ಅಗಲ. ಮೂಗುಬೊಟ್ಟು ಎಡಗಡೆ... ತಡಿ, ಬಲಗಡೆನಾ? ಅಕ್ಕನ್ನೇ ಕೇಳ್ಬೇಕು."

ದೊಡ್ಡಮ್ಮನಿಗೆ ಈಗೀಗ ಮರೆವು ಜಾಸ್ತಿ. ಬೆಳಿಗ್ಗೆ ಹೊತ್ತು ಮಾತ್ರ ಸ್ವಲ್ಪ ಸರಿಯಿರುತ್ತಾರೆ. ಅಲ್ಲಿ ಹತ್ತು ಗಂಟೆ ಅಂದರೆ ಇಲ್ಲಿ ಏಳೂವರೆ. ನಾಳೆಯೇ ಫೋನ್ ಮಾಡುತ್ತೇನೆ. ಮೂಗುಬೊಟ್ಟು ಮೊದಲು ಕೇಳಬೇಕು, ಆಮೇಲೆ ಕಣ್ಣು, ಆಮೇಲೆ ಸೆರಗು ಹೇಗೆ...