ಶರ್ಟು ಮೊದಲೋ, ಹಾಡು ಮೊದಲೋ?

ಊರಿನಿಂದ ಬಂದ ನೆಂಟರಿಗೆ ಸಿಯಾಟಲ್ ತೋರಿಸುವುದು ನನ್ನ ಪಾಲಿನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಸ್ಪೇಸ್ ನೀಡಲ್ ಆಯಿತು, ಮೀನು ಎಸೆದಾಡುವ ಪೈಕ್ ಪ್ಲೇಸ್ ಮಾರುಕಟ್ಟೆ ಆಯಿತು, ಕೊನೆಗೆ ಪಾಪ್ ಸಂಸ್ಕೃತಿಯ ಮ್ಯೂಸಿಯಂಗೆ ಬಂದು ಗಿಟಾರುಗಳ ಮುಂದೆ ನಿಲ್ಲುತ್ತೇವೆ. ಆಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಈ ಗ್ರಂಜ್ ಎನ್ನುವುದು ಹಾಡೋ, ಬಟ್ಟೆಯೋ? ಯಾವುದು ಮೊದಲು? ಶುರು ಮಾಡಿದ್ದು ಕರ್ಟ್ ಕೋಬೇನ್ ತಾನೇ?”

ಅಲ್ಲಿ ನಿಂತು ಸರಿಯಾಗಿ ಉತ್ತರಿಸಲು ಆಗುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಗುಂಪಿನಲ್ಲಿ ಯಾರಿಗೋ ಹಸಿವಾಗಿರುತ್ತದೆ. ಅದಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ. ಗ್ರಂಜ್ ಎಂದರೆ 1980ರ ದಶಕದಲ್ಲಿ ಸಿಯಾಟಲ್ ಸುತ್ತಮುತ್ತ ಬೆಳೆದ ಒರಟು ಗಿಟಾರಿನ ರಾಕ್ ಸಂಗೀತ; ಅದರ ಜೊತೆಗೆ ಬಂದ ಉಡುಪಿಗೂ ಅದೇ ಹೆಸರು. ಕೋಬೇನ್ ಅದರ ಅತಿ ಪ್ರಸಿದ್ಧ ಬ್ಯಾಂಡ್ ನಿರ್ವಾಣದ ಗಾಯಕ.

ಶರ್ಟಿನಿಂದ ಶುರು ಮಾಡುತ್ತೇನೆ, ಅದು ಸುಲಭ. ಚೌಕಳಿಯ ಫ್ಲ್ಯಾನಲ್ ಶರ್ಟು ಈ ಸೀಮೆಯಲ್ಲಿ ಮರ ಕಡಿಯುವವರ ಬಟ್ಟೆ. ವಾಷಿಂಗ್ಟನ್ ರಾಜ್ಯದ ಪಶ್ಚಿಮ ಭಾಗವೆಂದರೆ ದಟ್ಟ ಕಾಡು, ನಾಟಾ ಕೊಯ್ಯುವ ಮಿಲ್ಲುಗಳು, ಮಂಜು. ವರ್ಷದ ಲೆಕ್ಕ ಹಾಕಿದರೆ ಸಿಯಾಟಲ್‌ನಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆದರೆ ಬೆಂಗಳೂರಿನ ಮಳೆ ಒಂದು ಸಂಜೆ ಸುರಿದು, ರಸ್ತೆ ಮುಳುಗಿಸಿ, ಮಾರನೆಯ ದಿನ ಮರೆತುಹೋಗುತ್ತದೆ. ಇಲ್ಲಿನದು ಅಕ್ಟೋಬರಿನಲ್ಲಿ ಹಿಡಿದರೆ ಏಪ್ರಿಲ್ ತನಕ ಜಿಟಿಜಿಟಿ. ಕೋಬೇನ್ ಬೆಳೆದ ಅಬರ್ಡೀನ್ ಇನ್ನೂ ಸಮುದ್ರದ ಕಡೆಗಿದೆ. ಅಲ್ಲಿ ಇದರ ಎರಡರಷ್ಟು ಮಳೆ. ನಾನು ತೀರ್ಥಹಳ್ಳಿ ಕಡೆಯವನು. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೊರಟ ನನ್ನ ಅಜ್ಜನನ್ನು ಯಾರೂ ತಡೆದು ನಿಲ್ಲಿಸಿ, ಈ ಫ್ಯಾಷನ್ ಯಾವಾಗ ಬಂತು ಎಂದು ಕೇಳಿದ್ದಿಲ್ಲ. ಈ ಶರ್ಟೂ ಅಂಥದ್ದೇ. ಕೈಯಲ್ಲಿ ದುಡ್ಡಿಲ್ಲದ ಹುಡುಗರಿಗೆ ಹಳೆಬಟ್ಟೆ ಅಂಗಡಿಯಲ್ಲಿ ಒಂದೆರಡು ಡಾಲರಿಗೆ ಸಿಗುತ್ತಿತ್ತು, ಬೆಚ್ಚಗಿರುತ್ತಿತ್ತು, ಕೊಳೆ ಕಾಣುತ್ತಿರಲಿಲ್ಲ. ಕೋಬೇನ್ ಒಂದರ ಮೇಲೊಂದು ಬಟ್ಟೆ ಹಾಕುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು: ತಾನು ತೀರ ಸಣಕಲ ಎಂಬ ನಾಚಿಕೆ.

ಹಾಡಿನ ಕಥೆ ಇಷ್ಟು ಸಲೀಸಲ್ಲ.

1980ರ ದಶಕದಲ್ಲಿ ಸಿಯಾಟಲ್ ಅಮೆರಿಕದ ನಕಾಶೆಯ ಮೂಲೆಯಲ್ಲಿತ್ತು. ಮೈಕ್ರೋಸಾಫ್ಟ್ ಇನ್ನೂ ಚಿಗುರುತ್ತಿತ್ತು, ಅಮೆಜಾನ್ ಹುಟ್ಟಿರಲಿಲ್ಲ, ಊರೆಂದರೆ ಬೋಯಿಂಗ್ ಕಾರ್ಖಾನೆ. ಪ್ರವಾಸ ಹೊರಟ ಬ್ಯಾಂಡುಗಳು ಎಷ್ಟೋ ಸಲ ಇಷ್ಟು ದೂರ ಬರದೆ ಸ್ಯಾನ್ ಫ್ರಾನ್ಸಿಸ್ಕೊದಿಂದಲೇ ಹಿಂದಿರುಗುತ್ತಿದ್ದವು. ಸಾಲದ್ದಕ್ಕೆ 1985ರಲ್ಲಿ ನಗರಾಡಳಿತ ಹದಿಹರೆಯದವರ ನೃತ್ಯ ಕಾರ್ಯಕ್ರಮಗಳಿಗೆ ಒಂದು ಕಾನೂನು ತಂದಿತು. ವಿಮೆ ಬೇಕು, ಭದ್ರತಾ ಸಿಬ್ಬಂದಿ ಬೇಕು ಎಂಬ ಷರತ್ತುಗಳಿಂದಾಗಿ ಚಿಕ್ಕವರು ಬರಬಹುದಾದ ಕಾರ್ಯಕ್ರಮ ಏರ್ಪಡಿಸುವುದೇ ಕಷ್ಟವಾಯಿತು. ಉಳಿದದ್ದು ಮನೆಗಳ ನೆಲಮಾಳಿಗೆ, ಬಾಡಿಗೆಯ ಸಭಾಂಗಣ, ಒಂದಿಷ್ಟು ಬಾರುಗಳು. ವೇದಿಕೆಯ ಮೇಲಿದ್ದವರೂ ಕೆಳಗಿದ್ದವರೂ ಅದೇ ನೂರಿನ್ನೂರು ಮಂದಿ. ಈ ವಾರ ಬಾರಿಸಿದವನು ಮುಂದಿನ ವಾರ ಕೇಳುಗ.

ಇಂಥ ಕಡೆ ಮಡಿ ಉಳಿಯುವುದಿಲ್ಲ. ಬೇರೆ ನಗರಗಳಲ್ಲಿ ಪಂಕ್ ಎಂಬ ವೇಗದ, ಸರಳ ರಾಕ್ ಕೇಳುವವರು ಭಾರವಾದ ಗಿಟಾರಿನ ಹೆವಿ ಮೆಟಲ್‌ನವರ ನೆರಳು ಸೋಕಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ಹಾಗೆ ಎರಡು ಪಂಕ್ತಿ ಹಾಕುವಷ್ಟು ಜನವೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಪಂಕ್ ಬ್ಯಾಂಡ್ ಬ್ಲ್ಯಾಕ್ ಫ್ಲ್ಯಾಗ್ 1984ರಲ್ಲಿ ಒಂದು ಆಲ್ಬಂ ತಂದು, ಅದರ ಎರಡನೆಯ ಮಗ್ಗುಲಿನಲ್ಲಿ ವೇಗವನ್ನೆಲ್ಲ ಕೈಬಿಟ್ಟು, ಕೆಸರಿನಲ್ಲಿ ಕಾಲೆಳೆದಂತೆ ನುಡಿಸಿತು. ಪಂಕ್ ಅಭಿಮಾನಿಗಳಲ್ಲಿ ಅನೇಕರು ಬೈದರು. ಅಬರ್ಡೀನ್ ಪಕ್ಕದ ಮೆಲ್ವಿನ್ಸ್ ಬ್ಯಾಂಡಿನ ಬಝ್ ಆಸ್ಬೋರ್ನ್‌ಗೆ ಅದೇ ದಾರಿಯಾಯಿತು. ಅವನದೊಂದು ಉಪಾಯವಿತ್ತು: ಗಿಟಾರಿನ ಅತಿ ದಪ್ಪ ತಂತಿಯೊಂದನ್ನು ಮಾತ್ರ ಒಂದು ಸ್ವರದಷ್ಟು ಸಡಿಲಿಸಿದರೆ ಭಾರವಾದ ಸ್ವರಗುಚ್ಛಗಳನ್ನು ಒಂದೇ ಬೆರಳಿನಿಂದ ನುಡಿಸಬಹುದು. ಅದಕ್ಕೆ ನಾದವನ್ನು ಒಡೆದು ಗೊರಗೊರ ಎನ್ನಿಸುವ ಪೆಡಲ್ ಸೇರಿಸಿ. ಶ್ರುತಿಪೆಟ್ಟಿಗೆಯ ಮುಂದೆ ಕುಳಿತು ಬೆಳೆದ ಕಿವಿಗೆ ಮೊದಲ ಸಲ ಇದು ಜನರೇಟರ್ ಕೆಟ್ಟಂತೆ ಕೇಳುತ್ತದೆ. ನನಗೂ ಹಾಗೇ ಕೇಳಿತ್ತು. ನಾಲ್ಕನೆಯ ಸಲಕ್ಕೆ ಆ ಗೊರಗೊರದ ಅಡಿಯಲ್ಲಿ ತಂಬೂರಿಯಂತೆ ಬಿಡದೆ ಹಿಡಿದ ಒಂದು ಮಂದ್ರ ಇರುವುದು ಗೊತ್ತಾಗುತ್ತದೆ.

ಈ ತಂತಿ ಸಡಿಲಿಸುವ ಉಪಾಯವನ್ನು ಆಸ್ಬೋರ್ನ್‌ನಿಂದ ಕಲಿತವರಲ್ಲಿ ಸೌಂಡ್‌ಗಾರ್ಡನ್ ಬ್ಯಾಂಡಿನ ಗಿಟಾರ್ ವಾದಕ ಕಿಮ್ ತಯ್ಯಿಲ್ ಒಬ್ಬ. ಹೆಸರು ಕೇಳಿದೊಡನೆ ಕಿವಿ ನೆಟ್ಟಗಾಯಿತೇ? ಹೌದು, ಅವನ ತಂದೆತಾಯಿ ಕೇರಳದವರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು. ನೆಂಟರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಬರುವ ನೆರೆಹೊರೆಯ ಹೆಮ್ಮೆ ನೋಡಬೇಕು. ಗಿಟಾರಿನ ಸದ್ದು ಅವರಿಗೆ ತಕ್ಷಣ ಸ್ವಲ್ಪ ಕಡಿಮೆ ಕರ್ಕಶವಾಗುತ್ತದೆ.

ಇನ್ನು ಕೋಬೇನ್ ವಿಷಯ. ನಿರ್ವಾಣ ಬ್ಯಾಂಡ್ ಹುಟ್ಟಿದ್ದು 1987ರಲ್ಲಿ. (ಆ ಹೆಸರು ಕೇಳಿ ನನ್ನ ಅಪ್ಪ ಯಾವುದೋ ಭಜನಾ ಮಂಡಳಿ ಎಂದುಕೊಂಡಿದ್ದರು.) ಅಷ್ಟರಲ್ಲಿ ಗ್ರೀನ್ ರಿವರ್ ಎಂಬ ಬ್ಯಾಂಡ್ 1984ರಲ್ಲಿ ಹುಟ್ಟಿ, ಒಡೆಯುವ ಹಂತಕ್ಕೂ ಬಂದಿತ್ತು. ಅದರ ಒಂದು ಹೋಳು ಮಡ್‌ಹನಿ ಆಯಿತು, ಇನ್ನೊಂದು ಹೋಳಿನಿಂದ ಮುಂದೆ ಪರ್ಲ್ ಜಾಮ್ ಬಂತು. ಅದಕ್ಕೂ ಮುಂಚೆ, 1983ರಲ್ಲಿ, ಬ್ಯಾಮ್ ಬ್ಯಾಮ್ ಎಂಬ ಬ್ಯಾಂಡ್ ಇತ್ತು. ಹಾಡುತ್ತಿದ್ದವಳು ಟೀನಾ ಬೆಲ್, ಕಪ್ಪು ಮಹಿಳೆ. ಮೊದಲಿಗೆ ಡ್ರಮ್ ಬಾರಿಸುತ್ತಿದ್ದವನು ಮುಂದೆ ಸೌಂಡ್‌ಗಾರ್ಡನ್, ಪರ್ಲ್ ಜಾಮ್ ಎರಡರಲ್ಲೂ ಇದ್ದ ಮ್ಯಾಟ್ ಕ್ಯಾಮರಾನ್. ಗ್ರಂಜ್ ಎಂದೊಡನೆ ಉದ್ದಕೂದಲಿನ ಬಿಳಿ ಹುಡುಗರೇ ಕಣ್ಣಿಗೆ ಬರುವಂತಾದ ಮೇಲೆ ಟೀನಾ ಬೆಲ್ ಯಾವ ಪಟ್ಟಿಯಲ್ಲೂ ಉಳಿಯಲಿಲ್ಲ. 2012ರಲ್ಲಿ ತೀರಿಕೊಂಡಳು. ಪತ್ರಿಕೆಗಳು ಅವಳನ್ನು ಹುಡುಕಿಕೊಂಡು ಹೋದದ್ದು ಆಮೇಲೆ. ಶುರು ಮಾಡಿದವರು ಯಾರು ಎಂದು ಕೇಳುವವರಿಗೆ ನಾನು ಬೇಕೆಂದೇ ಮೊದಲು ಈ ಹೆಸರು ಹೇಳುತ್ತೇನೆ. ಅವಳೊಬ್ಬಳೇ ಶುರು ಮಾಡಿದಳೆಂದಲ್ಲ. ಆ ಪ್ರಶ್ನೆಗೆ ಒಂದೇ ಹೆಸರು ಸಾಲದೆಂದು ಇದಕ್ಕಿಂತ ಬೇಗ ತೋರಿಸುವ ದಾರಿ ನನಗೆ ಗೊತ್ತಿಲ್ಲ.

ಈಗ ಉಳಿದದ್ದು ‘ಗ್ರಂಜ್’ ಎಂಬ ಪದ. ನನಗೆ ಅತ್ಯಂತ ಇಷ್ಟವಾದ ಭಾಗ ಇದೇ, ಏಕೆಂದರೆ ಇದು ಆದ್ಯಂತ ತಮಾಷೆ.

ಅಮೆರಿಕದ ಆಡುಮಾತಿನಲ್ಲಿ ಗ್ರಂಜ್ ಎಂದರೆ ಜಿಡ್ಡು, ಕೊಳೆ. 1981ರಲ್ಲಿ ಸಿಯಾಟಲ್‌ನ ಒಂದು ಪುಟ್ಟ ಸಂಗೀತ ಪತ್ರಿಕೆಗೆ ಓದುಗನೊಬ್ಬ ಪತ್ರ ಬರೆದು, ಊರಿನ ಒಂದು ಬ್ಯಾಂಡನ್ನು ಹಿಗ್ಗಾಮುಗ್ಗಾ ಬೈದ: ಶುದ್ಧ ಗ್ರಂಜ್, ಶುದ್ಧ ಗದ್ದಲ, ಶುದ್ಧ... ಮೂರನೆಯದನ್ನು ಇಲ್ಲಿ ಬರೆಯಲಾರೆ. ಪತ್ರ ಬರೆದವನು ಮಾರ್ಕ್ ಆರ್ಮ್, ಮುಂದೆ ಗ್ರೀನ್ ರಿವರ್ ಮತ್ತು ಮಡ್‌ಹನಿಯ ಗಾಯಕ. ಬೈಸಿಕೊಂಡದ್ದು ಅವನದೇ ಬ್ಯಾಂಡ್. ಪ್ರಚಾರಕ್ಕೆ ಅವನು ಕಂಡುಕೊಂಡ ದಾರಿ ಅದು.

ಸಬ್ ಪಾಪ್ ಎಂಬ ರೆಕಾರ್ಡ್ ಕಂಪನಿಯನ್ನು ಕಟ್ಟಿದ ಬ್ರೂಸ್ ಪ್ಯಾವಿಟ್ ಮತ್ತು ಜೊನಾಥನ್ ಪೋನ್‌ಮನ್ ಇದೇ ಧಾಟಿಯನ್ನು ವ್ಯಾಪಾರಕ್ಕೆ ಹಚ್ಚಿದರು. 1987ರಲ್ಲಿ ಗ್ರೀನ್ ರಿವರ್‌ನ ರೆಕಾರ್ಡ್ ಬಂದಾಗ, ಒಂದು ತಲೆಮಾರಿನ ನೀತಿಯನ್ನೇ ಹಾಳುಗೆಡವಿದ ಗ್ರಂಜ್ ಎಂದು ತಮ್ಮ ರೆಕಾರ್ಡುಗಳ ಪಟ್ಟಿಯಲ್ಲಿ ಅಚ್ಚು ಹಾಕಿಸಿದರು. ಆ ತಲೆಮಾರಿನಲ್ಲಿ ಅದನ್ನು ಕೇಳಿದ್ದವರು ಬೆರಳೆಣಿಕೆ! 1989ರಲ್ಲಿ ಲಂಡನ್ನಿನ ಪತ್ರಕರ್ತನೊಬ್ಬನನ್ನು ತಮ್ಮ ಖರ್ಚಿನಲ್ಲಿ ಕರೆಸಿಕೊಂಡು ಊರೆಲ್ಲ ತೋರಿಸಿದರು. ಕಾಡಿನಿಂದ ಎದ್ದು ಬಂದ ಒರಟು ಹುಡುಗರು ಎಂಬ ಚಿತ್ರ ಬ್ರಿಟನ್ನಿನಲ್ಲಿ ಚೆನ್ನಾಗಿ ಮಾರಾಟವಾಯಿತು. ಮಾರ್ಕ್ ಆರ್ಮ್ ಇಂಗ್ಲಿಷ್ ಸಾಹಿತ್ಯ ಓದಿದವನು. ತಯ್ಯಿಲ್ ವಿಷಯ ಆಗಲೇ ಹೇಳಿದೆ. ಚೌಕಳಿ ಶರ್ಟು ಮೈಮೇಲಿತ್ತೇ ಹೊರತು ಕೈಯಲ್ಲಿ ಕೊಡಲಿ ಇರಲಿಲ್ಲ. ನಿರ್ವಾಣದ ಮೊದಲ ಆಲ್ಬಂ ಅದೇ ವರ್ಷ ಬಂತು. ಧ್ವನಿಮುದ್ರಣಕ್ಕೆ ತಗುಲಿದ ಖರ್ಚು 606 ಡಾಲರ್ 17 ಸೆಂಟ್. ಎರಡನೆಯದು ದೊಡ್ಡ ಕಂಪನಿಯಿಂದ 1991ರ ಸೆಪ್ಟೆಂಬರ್ 24ರಂದು ಹೊರಬಿತ್ತು. ಮೊದಲ ಕಂತಿನಲ್ಲಿ ಅಮೆರಿಕದ ಅಂಗಡಿಗಳಿಗೆ ಹೋದದ್ದು ಸುಮಾರು 46,000 ಪ್ರತಿ. ಮುಂದಿನ ಜನವರಿಯಲ್ಲಿ ಅದು ಮೈಕೆಲ್ ಜಾಕ್ಸನ್‌ನನ್ನು ಕೆಳಗಿಳಿಸಿ ಮಾರಾಟದ ಪಟ್ಟಿಯ ತುದಿಗೆ ಏರಿತು.

ಆಮೇಲೆ ನ್ಯೂಯಾರ್ಕಿನವರು ಎಚ್ಚೆತ್ತರು. 1992ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಗ್ರಂಜ್ ಬಗ್ಗೆ ಲೇಖನ ಬರೆಯಲು ಹೊರಟು, ಅಲ್ಲಿನ ಹುಡುಗರ ವಿಶೇಷ ಪದಗಳು ಯಾವುವು ಎಂದು ಫೋನ್ ಮಾಡಿ ಕೇಳಿತು. ಉತ್ತರಿಸಿದವಳು ಸಬ್ ಪಾಪ್‌ನಲ್ಲಿ ಕೆಲಸ ಮಾಡಿದ್ದ ಮೇಗನ್ ಜಾಸ್ಪರ್. ವಿಶೇಷ ಪದಗಳೇನೂ ಇರಲಿಲ್ಲ. ಅವಳು ಕುಳಿತಲ್ಲೇ ಹೊಸೆದು ಹೊಸೆದು ಕೊಟ್ಟಳು: ಹರಿದ ಹಳೆಯ ಜೀನ್ಸಿಗೆ ‘ವ್ಯಾಕ್ ಸ್ಲ್ಯಾಕ್ಸ್’, ಸುಮ್ಮನೆ ಕಾಲ ಕಳೆಯುವುದಕ್ಕೆ ‘ಸ್ವಿಂಗಿನ್ ಆನ್ ದ ಫ್ಲಿಪ್ಪಿಟಿ ಫ್ಲಾಪ್’. ಪತ್ರಿಕೆ ಎಲ್ಲವನ್ನೂ ನಿಘಂಟಿನ ಗಾಂಭೀರ್ಯದಲ್ಲಿ ಅಚ್ಚು ಹಾಕಿತು. ಕೆಲವು ತಿಂಗಳ ನಂತರ ಒಂದು ಸಣ್ಣ ಪತ್ರಿಕೆ ಗುಟ್ಟು ಒಡೆಯಿತು. ಮೇಗನ್ ಜಾಸ್ಪರ್ ಮುಂದೆ ಸಬ್ ಪಾಪ್‌ನ ಮುಖ್ಯಸ್ಥೆಯೇ ಆದಳು. ನನ್ನ ಲೆಕ್ಕದಲ್ಲಿ ಅರ್ಹ ಬಡ್ತಿ.

ಅದೇ ನವೆಂಬರಿನಲ್ಲಿ ವಿನ್ಯಾಸಕಾರ ಮಾರ್ಕ್ ಜೇಕಬ್ಸ್ ಪೆರಿ ಎಲಿಸ್ ಕಂಪನಿಗಾಗಿ ಗ್ರಂಜ್ ಉಡುಪುಗಳ ಪ್ರದರ್ಶನ ಮಾಡಿದ. ಬೀದಿಯಲ್ಲಿ ಎರಡು ಡಾಲರಿಗೆ ಕೊಂಡ ಫ್ಲ್ಯಾನಲ್ ಶರ್ಟನ್ನು ಇಟಲಿಗೆ ಕಳಿಸಿ, ಅದೇ ಚೌಕಳಿಯನ್ನು ರೇಷ್ಮೆಯಲ್ಲಿ ಮಾಡಿಸಿದನೆಂಬುದು ಪ್ರಸಿದ್ಧ ಕಥೆ. ವಿಮರ್ಶಕರು ಹರಿಹಾಯ್ದರು, ಕಂಪನಿ ಅವನನ್ನು ಮನೆಗೆ ಕಳಿಸಿತು. ಆ ಬಟ್ಟೆಗಳಲ್ಲಿ ಕೆಲವನ್ನು ಅವನು ಕೋಬೇನ್ ದಂಪತಿಗೂ ಕಳಿಸಿದ್ದ. ಸುಟ್ಟುಹಾಕಿದೆವು ಎಂದು ಕೋಬೇನ್‌ನ ಹೆಂಡತಿ ಕೋರ್ಟ್ನಿ ಲವ್ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ಮೈಸೂರು ರೇಷ್ಮೆಯನ್ನು ಇಸ್ತ್ರಿಗೆ ಕೊಡಲೂ ಹೆದರುವ ಮನೆಯಿಂದ ಬಂದ ನನಗೆ ಎಂಥದ್ದೇ ಆದರೂ ರೇಷ್ಮೆಗೆ ಬೆಂಕಿ ಇಟ್ಟದ್ದು ಸರಿ ಕಾಣುವುದಿಲ್ಲ. ಆದರೆ ಅವರ ಸಿಟ್ಟು ಅರ್ಥವಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಮೇಲಿನದನ್ನೆಲ್ಲ ಅವಳಿಗೂ ಹೇಳಿದೆ, ತಾಳ್ಮೆಯಿಂದ ಕೇಳಿದಳು. ಕೊನೆಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ: 1993ರ ನವೆಂಬರ್‌ನಲ್ಲಿ ಎಂಟಿವಿ ಕಾರ್ಯಕ್ರಮವೊಂದಕ್ಕೆ ಹಾಡುವಾಗ ಕೋಬೇನ್ ತೊಟ್ಟಿದ್ದ ಹಸಿರು ಸ್ವೆಟರ್. ಅದಾಗಿ ಐದು ತಿಂಗಳೊಳಗೆ ಅವನು ಪ್ರಾಣ ಕಳೆದುಕೊಂಡ. ಸ್ವೆಟರಿನಲ್ಲಿ ಸಿಗರೇಟಿನ ಸುಟ್ಟ ಗುರುತಿದೆ, ಒಂದು ಗುಂಡಿ ಇಲ್ಲ. 2019ರಲ್ಲಿ ಹರಾಜಿಗೆ ಬಂದಾಗ 3,34,000 ಡಾಲರಿಗೆ ಹೋಯಿತು, ಆಗಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೂ ಮೇಲೆ.

ಅಮ್ಮ ಚಿತ್ರವನ್ನು ದೊಡ್ಡದು ಮಾಡಿ ತೋಳು, ಕೊರಳಪಟ್ಟಿ ಎಲ್ಲ ನೋಡಿದಳು.

“ಒಗೆಯಲಾದರೂ ಒಗೆದಿದ್ದಾರೆಯೇ?” ಎಂದಳು.

ಒಗೆದಿಲ್ಲ.