70 ಗ್ರಾಂ ಯಾರದ್ದು?

ನಾನು ಔಷಧಿ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಮಿಸ್ಟ್ರಿ ಮಾಡುವವನು. ಕೈಗೆ ಗ್ಲೌಸ್ ಹಾಕಿ ಎಷ್ಟು ವರ್ಷ ಆಯ್ತೋ. ಒಂದು ಅಣು ನೀರಿನಲ್ಲಿ ಎಷ್ಟು ಕರಗಬಹುದು ಅಂತ, ಲ್ಯಾಬಿನವರು ಅಳೆಯುವ ಮೊದಲೇ ಅಂದಾಜು ಹೇಳುವುದು ನಮ್ಮ ಟೀಮಿನ ಕೆಲಸ. ಅದಕ್ಕೆ ಅಣುವಿನ ರಚನೆಯನ್ನು ನಂಬರುಗಳಾಗಿ ಮಾಡಿಕೊಳ್ಳಬೇಕು. ಡಿಸ್ಕ್ರಿಪ್ಟರ್ ಅನ್ನುವುದು ಇವನ್ನೇ.

ಐಡಿಯಾ ಹಳೆಯದು. ಅಣುವಿನಲ್ಲಿ ಒಂದು ಕಾರ್ಬನ್‌ನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಬಂಧ ದಾಟಬೇಕು ಅಂತ ಪ್ರತಿ ಜೋಡಿಗೂ ಎಣಿಸಿ, ಎಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವನ್ನು ಹ್ಯಾರಿ ವೀನರ್ 1947ರಲ್ಲೇ ಕುದಿಯುವ ಬಿಂದುವಿನ ಲೆಕ್ಕಕ್ಕೆ ಬಳಸಿದ್ದ. ನೇರ ಸರಪಳಿಯ ಪೆಂಟೇನ್‌ಗೆ 20, ಒಂದು ಕವಲಿನದಕ್ಕೆ 18, ಎರಡು ಕವಲಿನದಕ್ಕೆ 16. ಕುದಿಯುವುದೂ ಅದೇ ಕ್ರಮದಲ್ಲಿ: ಸುಮಾರು 36, 28, 9.5 ಡಿಗ್ರಿ. ಸುಮ್ನೆ ಎಣಿಸಿದ್ದಕ್ಕೆ ಇಷ್ಟು ಸಿಗುತ್ತದೆ ಅಂದ್ರೆ ಖುಷಿ ಆಗಲ್ವಾ? ನನಗೂ ಆಗಿತ್ತು. ಸ್ವಲ್ಪ ಜಾಸ್ತಿನೇ.

ಒಂದು ದಿನ ಲ್ಯಾಬಿನ ಮೇಡಂ ನಮ್ಮ ಡೇಟಾ ಫೈಲ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಈ 70 ಗ್ರಾಂ ಯಾರದ್ದು ರೀ?"

ಸಾಲಿನಲ್ಲಿದ್ದ ಹೆಸರು ಮಲೇಯಿಕ್ ಆಸಿಡ್. ಅದು ಒಂದು ಲೀಟರ್ ನೀರಿಗೆ 780 ಗ್ರಾಂ ಮೇಲೆ ಕರಗುತ್ತದೆ. ಅದರ ಜೋಡಿ ಫ್ಯೂಮರಿಕ್ ಆಸಿಡ್ ಕರಗುವುದು ಬರೀ ಆರು ಗ್ರಾಂ ಚಿಲ್ಲರೆ. ಎರಡಕ್ಕೂ ಅವವೇ ಪರಮಾಣುಗಳು, ಅವವೇ ಬಂಧಗಳು. ನಡುವಿನ ಜೋಡಿಬಂಧದಲ್ಲಿ ಆಮ್ಲದ ಗುಂಪುಗಳು ಒಂದೇ ಕಡೆ ಇದ್ದರೆ ಮಲೇಯಿಕ್, ಆಚೆ ಈಚೆ ಇದ್ದರೆ ಫ್ಯೂಮರಿಕ್. ಅಣುವನ್ನು ಒಂದು ಸಾಲಿನ ಅಕ್ಷರಗಳಲ್ಲಿ ಬರೆಯುವ ಸ್ಮೈಲ್ಸ್‌ನಲ್ಲಿ ಈ ವ್ಯತ್ಯಾಸ ತೋರಿಸುವುದು ಎರಡೇ ಎರಡು ಓರೆಗೆರೆ. ಎರಡೂ ಒಂದೇ ಕಡೆ ವಾಲಿದ್ದರೆ ಫ್ಯೂಮರಿಕ್, ಎದುರುಬದುರು ವಾಲಿದ್ದರೆ ಮಲೇಯಿಕ್.

ನನ್ನ ಸ್ಕ್ರಿಪ್ಟ್ "ಕ್ಲೀನಿಂಗ್" ಹೆಸರಿನಲ್ಲಿ ಆ ಗೆರೆಗಳನ್ನೇ ಅಳಿಸಿತ್ತು. ಆಮೇಲೆ ಎರಡು ಸಾಲೂ ಒಂದೇ ಥರ ಕಂಡವು, ಡೂಪ್ಲಿಕೇಟ್ ಅಂದುಕೊಂಡು ಲಾಗ್ ಲೆಕ್ಕದಲ್ಲಿ (ಅಂದ್ರೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆದ ಹಾಗೆ) ಸರಾಸರಿ ತೆಗೆಯಿತು, ಮೊದಲು ಸಿಕ್ಕಿದ ಹೆಸರು ಉಳಿಸಿಕೊಂಡಿತು. 70 ಬಂದದ್ದು ಹಾಗೆ. ಅಷ್ಟು ಕರಗುವ ಆಮ್ಲ ಆ ಎರಡರಲ್ಲಿ ಯಾವುದೂ ಅಲ್ಲ.

ಗೆರೆ ವಾಪಸ್ ಹಾಕಿದರೆ ಮುಗೀತು ಅಂದುಕೊಂಡೆ. ಹಾಕಿ ಮತ್ತೆ ಓಡಿಸಿದೆ. ಈಗ ಎರಡು ಸಾಲು ಬೇರೆ ಬೇರೆ ಇವೆ, ಆದರೆ ಅಣುತೂಕ, ಧ್ರುವೀಯ ಮೇಲ್ಮೈ, ಲಾಗ್‌ಪಿ (ಅಣುವಿಗೆ ನೀರಿಗಿಂತ ಎಣ್ಣೆ ಎಷ್ಟು ಇಷ್ಟ ಅನ್ನುವ ಅಂಕಿ), ವೀನರ್ ನಂಬರ್, ಎಲ್ಲ ಕಾಲಮ್ಮಿನಲ್ಲೂ ಅವೇ ಅಂಕಿ! ನಾವು ಬಳಸುತ್ತಿದ್ದ ಒಂದು ಡಿಸ್ಕ್ರಿಪ್ಟರಿಗೂ ಆಚೆ ಈಚೆ ಅನ್ನುವುದು ಗೊತ್ತಿಲ್ಲ. ಒಳಗೆ ಹೋಗುವ ನಂಬರ್ ಒಂದೇ ಆದರೆ ಎಂಥ ಮಾಡೆಲ್ ಆದರೂ ಎರಡಕ್ಕೂ ಒಂದೇ ಉತ್ತರ ಕೊಡಬೇಕು, ಪಾಪ ಅದಕ್ಕೆ ಬೇರೆ ದಾರಿ ಏನಿದೆ?

"ಕರಗುವ ಬಿಂದು ನೋಡಿದ್ರಾ?" ಅಂದರು ಮೇಡಂ. ನೀರಿನಲ್ಲಿ ಕರಗುವುದಲ್ಲ, ಬಿಸಿ ಮಾಡಿದಾಗ ಹರಳು ಕರಗಿ ದ್ರವವಾಗುವ ಉಷ್ಣತೆ. ಮಲೇಯಿಕ್‌ಗೆ ಅದು 135 ಡಿಗ್ರಿಯ ಆಸುಪಾಸು, ಫ್ಯೂಮರಿಕ್‌ಗೆ 287. ಫ್ಯೂಮರಿಕ್ ಅಣುಗಳು ಹರಳಿನಲ್ಲಿ ಅಷ್ಟು ಬಿಗಿಯಾಗಿ ಕೂತಿರುತ್ತವೆ, ನೀರು ಬಿಡಿಸಲು ಒದ್ದಾಡಬೇಕು. ನೀರಿನಲ್ಲಿ ಎಷ್ಟು ಕರಗುತ್ತದೆ ಅಂತ ಅಂದಾಜು ಮಾಡುವ ಯಲ್ಕೋವ್ಸ್ಕಿಯವರ ಸಮೀಕರಣದಲ್ಲಿ ಕರಗುವ ಬಿಂದು 100 ಡಿಗ್ರಿ ಏರಿದರೆ ನೀರಿನಲ್ಲಿ ಕರಗುವಿಕೆ ಹತ್ತು ಪಟ್ಟು ಇಳಿಯುತ್ತದೆ. ಇಲ್ಲಿನ 150 ಡಿಗ್ರಿಗೆ ಸುಮಾರು 30 ಪಟ್ಟು. ನಿಜವಾದ ವ್ಯತ್ಯಾಸ 120 ಪಟ್ಟಿಗೂ ಮೇಲೆ, ಆದರೂ ದಿಕ್ಕಾದರೂ ಸರಿ ಇದೆ.

ಈಗ ಒಂದೇ ಡಿಸ್ಕ್ರಿಪ್ಟರ್ ಇರುವ ಎರಡು ಸಾಲುಗಳ ಅಳತೆ ಅರ್ಧ ಲಾಗ್‌ಗಿಂತ (ಅಂದ್ರೆ ಸುಮಾರು ಮೂರು ಪಟ್ಟಿಗಿಂತ) ಜಾಸ್ತಿ ಬೇರೆಯಾದರೆ ಸ್ಕ್ರಿಪ್ಟ್ ನಿಲ್ಲುತ್ತದೆ, ಪಟ್ಟಿ ಲ್ಯಾಬಿಗೆ ಹೋಗುತ್ತದೆ. ಕರಗುವ ಬಿಂದುವಿಗೂ ಒಂದು ಕಾಲಮ್ ಇದೆ. ಇನ್ನೂ ತಯಾರಿಸದ ಅಣುಗಳಿಗೆ ಆ ಕಾಲಮ್ ಖಾಲಿ, ಮೇಡಂ ವಾರಕ್ಕೊಮ್ಮೆ ಬಂದು ಅದನ್ನೇ ನೋಡಿ ನಗುತ್ತಾರೆ.