ಇಪ್ಪತ್ತೆರಡು ಅಕ್ಷರದ ಖಾತೆ

9 ಡಿಸೆಂಬರ್ 2025, ಮಂಗಳವಾರ
ಸೋಮವಾರಪೇಟೆ

ಅಂತೂ ಇವತ್ತು ದುಡ್ಡು ಕಳಿಸಿ ಬಂದೆವು. ಅದು ಅಲ್ಲಿ ಮುಟ್ಟಿತು ಅಂತ ಗೊತ್ತಾಗುವವರೆಗೆ ನನಗೆ ಸಮಾಧಾನ ಇಲ್ಲ.

ಏಪ್ರಿಲ್‌ಗೆ ಮಗಳು ಓದೋಕೆ ಜರ್ಮನಿಯಲ್ಲಿರಬೇಕು. ವೀಸಾಕ್ಕೆ ಹೋಗುವ ಮೊದಲೇ ಅಲ್ಲಿ ಅವಳ ಹೆಸರಲ್ಲಿ ಬ್ಲಾಕ್ಡ್ ಅಕೌಂಟ್ ಆಗಬೇಕು. ಅದರಲ್ಲಿ ಒಂದು ವರ್ಷದ ಖರ್ಚು, 11,904 ಯೂರೋ ಇರಬೇಕು. ಖಾತೆ ಮಾಡಿಸೋಕೆ ಅಲ್ಲಿಗೇನೂ ಹೋಗಬೇಕಾಗಿಲ್ಲ. ನೆಟ್‌ವರ್ಕ್ ಸಿಗುವ ಅಟ್ಟದ ಕಿಟಕಿ ಹತ್ತಿರ ಕೂತು, ಪಾಸ್‌ಪೋರ್ಟ್ ತೋರಿಸಿ ಹೋದ ತಿಂಗಳೇ ಮಾಡಿಕೊಂಡಳು. ಕಷ್ಟ ಆಗಿದ್ದು ದುಡ್ಡು ಕಳಿಸೋದು. ನಮ್ಮ ಶಾಖೆಯಲ್ಲಿ ಕಾಗದ ತಗೊಂಡು ಬೆಂಗಳೂರಿಗೆ ಕಳಿಸ್ತಾರೆ. ಮೊದಲ ಸಲ ಖಾತೆ ನಂಬರ್‌ನಲ್ಲಿ ಒಂದು ಅಂಕಿ ತಪ್ಪಾಗಿ ಕಾಗದ ವಾಪಸ್ ಬಂದಿತ್ತು.

ಹಾಗಾಗಿ ಇವತ್ತು ಬೆಳಗ್ಗೆ ಅಡುಗೆಮನೆಯಲ್ಲೇ ಅವಳು ಓದಿದಳು, ನಾನು ಬರೆದೆ. ಡಿಇ ಅಂತ ಶುರು, ಒಟ್ಟು ಇಪ್ಪತ್ತೆರಡು. ನಾಲ್ಕು ನಾಲ್ಕಾಗಿ ಓದು ಅಂದೆ. ಚಿಕ್ಕವಳಿದ್ದಾಗ ಮಗ್ಗಿ ಒಪ್ಪಿಸುತ್ತಿದ್ದ ಅದೇ ದನಿ. ಮೂರು ಸಲ ಓದಿಸಿದೆ. ಮೂರನೇ ಸಲ ಬರೀ ಅವಳ ದನಿ ಕೇಳೋಕೆ.

ಅತ್ತೆಗೆ ಮಾತ್ರ ಆ ‘ಬ್ಲಾಕ್ಡ್’ ಹಿಡಿಸಲೇ ಇಲ್ಲ.

“ನಮ್ಮ ದುಡ್ಡಿಗೆ ಅವರ್ಯಾಕೆ ಬೀಗ ಹಾಕ್ತಾರೆ?”

“ಬೀಗ ಅಲ್ಲ ಅಜ್ಜಿ. ನಾನು ಅಲ್ಲಿಗೆ ಹೋಗಿ, ವಿಳಾಸ ನೋಂದಾಯಿಸಿ, ಮಾಮೂಲಿ ಖಾತೆ ಒಂದು ಮಾಡಿಸಿಕೊಂಡರೆ ತಿಂಗಳಿಗೆ 992 ಯೂರೋ ಬಿಡ್ತಾರೆ.”

“ಪಡಿ ಅಳೆದು ಕೊಟ್ಟ ಹಾಗೆ.”

“ಹೂಂ, ಹಾಗೇ.”

“ನಡುವೆ ಹುಷಾರು ತಪ್ಪಿದರೆ? ಜಾಸ್ತಿ ಬೇಕು ಅಂದರೆ?”

ಮಗಳು ಸುಮ್ಮನಾದಳು. ನಾನೂ. ಅತ್ತೆ ಕೇಳಿದ್ದು ಸರಿಯಾಗೇ ಇತ್ತು. ಬೇರೆಯಾಗಿ ಇನ್ನೊಂದಿಷ್ಟು ಯೂರೋ ಕೈಯಲ್ಲಿಟ್ಟು ಕಳಿಸಬೇಕು, ಇವರ ಹತ್ತಿರ ಮಾತಾಡಬೇಕು.

ರೂಪಾಯಿ ಲೆಕ್ಕದಲ್ಲಿ 12 ಲಕ್ಷ ದಾಟಿತು. ಹೋದ ಸಲ ಕಾಫಿಗೆ ಒಳ್ಳೆ ರೇಟು ಸಿಕ್ಕಿದ್ದಕ್ಕೆ ಸಾಲ ಬೇಡ ಅಂತ ನಾವೇ ಹಟ ಮಾಡಿದ್ದು. ಈಗ 10 ಲಕ್ಷದ ಮೇಲಿನದ್ದಕ್ಕೆ ಶೇ 5 ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ, ಹಿಡಿದರು. ಓದಿನ ಸಾಲ ತೆಗೆದು ಕಳಿಸಿದ್ದರೆ ಅದು ಇರುತ್ತಿರಲಿಲ್ಲ. ರಿಟರ್ನ್ಸ್‌ನಲ್ಲಿ ತೋರಿಸಿ ವಾಪಸ್ ಕೇಳಬಹುದಂತೆ, ಇರಲಿ. ಮುಖ್ಯ ಏನು ಅಂದರೆ, ದಾರಿಯಲ್ಲಿ ಸಿಗುವ ಬ್ಯಾಂಕುಗಳು ತಮ್ಮ ಚಾರ್ಜ್ ಮುರಿದುಕೊಂಡು ಅಲ್ಲಿ ಮೊತ್ತ ಕಡಿಮೆ ಬೀಳಬಾರದು. ಅದಕ್ಕೇ ಎಲ್ಲ ಚಾರ್ಜೂ ನಮ್ಮದೇ ಅಂತ ಫಾರಂನಲ್ಲಿ ಗುರುತು ಹಾಕಿಸಿದೆ. ಯಾರಾದರೂ ಮಕ್ಕಳನ್ನು ಕಳಿಸುವವರಿದ್ದರೆ ಇದೊಂದು ಮರೆಯಬೇಡಿ.

ಏಳುವ ಹೊತ್ತಿಗೆ ಕೌಂಟರಿನ ಹುಡುಗ ಅಂದ, “ಮೇಡಂ, ಅವರು ಹೋದ ಮೇಲೆ ಇಲ್ಲಿರೋ ಎಸ್‌ಬಿ ಖಾತೇನ ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಓದೋಕೆ ಹೋದರೂ ಅನಿವಾಸಿ ಅಂತಲೇ ಲೆಕ್ಕ.”

ಅವನು ಒಳ್ಳೆಯದಕ್ಕೇ ಹೇಳಿದ್ದು. ಆದರೂ ನನಗೆ ಬಸ್ ಸ್ಟ್ಯಾಂಡ್‌ವರೆಗೂ ಅದೇ ಮಾತು. ಅನಿವಾಸಿ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಯಾರಿಗೋ ಹೇಳುವ ಮಾತು ಅಂದುಕೊಂಡಿದ್ದೆ. ಅಲ್ಲಿ ಇನ್ನೂ ಕಾಲಿಟ್ಟಿಲ್ಲ, ಆ ದೇಶಕ್ಕೆ ಅವಳು ಹೊರಗಿನವಳು. ಇಲ್ಲಿಂದ ವಿಮಾನ ಹತ್ತಿದರೆ ಈ ಊರಿನ ಬ್ಯಾಂಕಿಗೂ ಹೊರಗಿನವಳು. ಎರಡು ವರ್ಷದ ಓದು ಅಷ್ಟೇ, ಬರ್ತಾಳೆ ಅಂತ ಇವರು. ಹಾಸಿಗೆ, ಪುಸ್ತಕ, ಗೋಡೆ ಮೇಲಿನ ಚಿತ್ರ ಎಲ್ಲ ಇಲ್ಲೇ ಇದೆ. ನಿವಾಸಿ ಅನ್ನೋಕೆ ಇನ್ನೇನು ಬೇಕು?

ಸಂಜೆಗೆ ಮೋಡ. ಕಣದಲ್ಲಿ ಕಾಫಿ ಹರಡಿತ್ತು, ಎಲ್ಲರೂ ಓಡಿ ಟಾರ್ಪಲ್ ಹೊದಿಸಿದೆವು. ಮಗಳೇ ಎಲ್ಲರಿಗಿಂತ ಮೊದಲು ಓಡಿದ್ದು.

ಈಗ ಅವಳ ಹಳೇ ಪಾಸ್‌ಬುಕ್ ತೆಗೆದು ಕೂತಿದ್ದೀನಿ. ಎಂಟನೇ ಕ್ಲಾಸಲ್ಲಿ ಮಾವ ಜೊತೆಗೆ ಕರಕೊಂಡು ಹೋಗಿ 500 ರೂಪಾಯಿ ಹಾಕಿಸಿದ್ದರು. ರಟ್ಟಿನ ಮೇಲೆ ಅವಳ ಹೆಸರು ಮಾವನ ಕೈಬರಹದಲ್ಲೇ ಇದೆ. ಎನ್‌ಆರ್‌ಒ ಮಾಡಿಸುವಾಗ ಇದನ್ನ ಅವರು ತಗೊಂಡುಬಿಡ್ತಾರಾ? ಕೇಳೋದೇ ಮರೆತೆ. ನಾಳೆ ಫೋನ್ ಮಾಡಿ ಕೇಳಬೇಕು.